ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದ ಮೇಲೂ ಎಡ ಚಕ್ರದಲ್ಲಿ ‘ಶ್ರ್... ಶ್ರ್...’ ಎಲ್ಲಿ ಹುಡುಕಲಿ?

ಸ್ಟೆಪ್ನಿ:
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಕಾರಿನ ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್, ಡಿಸ್ಕ್ ನಾನೇ ಬದಲಾಯಿಸಿದೆ. ಈ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು. ಹಳೇ ಪ್ಯಾಡ್ ಸವೆದು 2 ಮಿ.ಮೀ.ಗೆ ಬಂದಿತ್ತು, ಡಿಸ್ಕ್ ಅಂಚಿನಲ್ಲಿ ಬೆರಳಿಗೆ ಸಿಗುವಷ್ಟು ದಡ ಕಟ್ಟಿತ್ತು. ಹಾಗಾಗಿ ಎರಡನ್ನೂ ಒಟ್ಟಿಗೇ ತೆಗೆದೆ. ಬಲಗಡೆಯದನ್ನು ಬೆಳಿಗ್ಗೆ ನಿಧಾನವಾಗಿ, ಗಾಡಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮಾಡಿದೆ. ಎಡಗಡೆಗೆ ಬರುವಷ್ಟರಲ್ಲಿ ಸಂಜೆ ಆಗಿತ್ತು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮುಗಿಸಿದೆ.

ಈಗ 150 ಕಿ.ಮೀ. ಓಡಿದೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತೆ, ಗಾಡಿ ಯಾವ ಕಡೆಗೂ ಎಳೆಯಲ್ಲ. ಆದರೆ ಎರಡು ಸದ್ದು ಸೇರಿಕೊಂಡಿವೆ. ಒಂದು, ನಿಧಾನಕ್ಕೆ ಹೋಗುವಾಗ ಎಡ ಚಕ್ರದಿಂದ ‘ಶ್ರ್... ಶ್ರ್... ಶ್ರ್...’ ಅಂತ ತಾಳ ಹಾಕಿದ ಹಾಗೆ. ಕಾಂಪೌಂಡ್ ಗೋಡೆ ಪಕ್ಕ ಗಾಜು ಇಳಿಸಿಕೊಂಡು ಹೋದರೆ ಸ್ಪಷ್ಟವಾಗಿ ಕೇಳುತ್ತೆ. ಇನ್ನೊಂದು, ಹಿಂದಕ್ಕೆ ತೆಗೆದು ಬ್ರೇಕ್ ಒತ್ತಿದಾಗ ‘ಟಕ್’. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ಗಾಡಿ ಕಡೆ ನೋಡದೇನೇ ‘ಹೊಸದಲ್ವಾ, ಹಂಗೇ ಇರುತ್ತೆ’ ಅಂದರು. ಹಂಗೇ ಇರುತ್ತಾ?

ಮೂರನೇ ಗೇರ್:
ಇರುತ್ತೆ ಗುರು. ಹೊಸ ಚಪ್ಪಲಿ ಒಂದು ವಾರ ಕಚ್ಚಲ್ವಾ, ಹಂಗೆ. ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳೋಕೆ 300 ಕಿ.ಮೀ. ಆದರೂ ಬೇಕು. ಡಿಸ್ಕ್ ಮೇಲೆ ಲೇತ್‌ನಲ್ಲಿ ಕಡೆದ ಸಣ್ಣ ಗೆರೆಗಳಿರುತ್ತವೆ, ಅವು ಸವೆಯೋವರೆಗೆ ಸ್ವಲ್ಪ ಸದ್ದು ಮಾಮೂಲು. ಬೂದು ಬಣ್ಣದ ಲೇಪ ಇರೋ ಡಿಸ್ಕ್ ಆದರೆ ಆ ಲೇಪ ಉಜ್ಜಿ ಹೋಗೋವರೆಗೂ ಬರುತ್ತೆ. ತಲೆ ಕೆಡಿಸಿಕೊಳ್ಳಬೇಡಿ, ಓಡಿಸಿ.

ಹಳೇ ಪಾನಾ:
ಓಡಿಸುವ ಮೊದಲು ಎರಡು ನಿಮಿಷ ನಿಲ್ಲಿ.

ಮೊದಲು ಜೀವಕ್ಕೆ ಸಂಬಂಧಪಟ್ಟ ಮಾತು. ಪೆಡಲ್ ಗಟ್ಟಿಯಾಗಿದೆಯೇ, ಅಥವಾ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆಯೇ? ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕೂರುವ ಬ್ರಾಕೆಟ್‌ನ ಎರಡು ದೊಡ್ಡ ಬೋಲ್ಟು, ಕ್ಯಾಲಿಪರ್ ಜಾರುವ ಪಿನ್ನುಗಳ ಸಣ್ಣ ಬೋಲ್ಟು, ಚಕ್ರದ ನಟ್ಟು, ಇಷ್ಟನ್ನೂ ಪುಸ್ತಕದಲ್ಲಿರುವ ಲೆಕ್ಕಕ್ಕೆ ಬಿಗಿದಿದ್ದೀರಾ? ಸಡಿಲ ಬೋಲ್ಟೂ ‘ಟಕ್’ ಅನ್ನುತ್ತದೆ. ಅದು ಹೊಂದಿಕೊಳ್ಳುವ ಸದ್ದಲ್ಲ, ಕಳಚಿಕೊಳ್ಳುವ ಸದ್ದು. ಇದನ್ನು ನೋಡುವವರೆಗೆ ಗಾಡಿ ರಸ್ತೆಗೆ ತರಬೇಡಿ.

ಅದು ಸರಿ ಇದ್ದರೆ, ಆ ‘ಶ್ರ್’ ಬರುತ್ತಿರುವಾಗ ಪೆಡಲ್ ಮೇಲೆ ಕಾಲನ್ನು ಬರೀ ಇಟ್ಟು ನೋಡಿ. ಬ್ರೇಕ್ ಹಿಡಿಯುವಷ್ಟು ಅಲ್ಲ, ಬ್ರೇಕ್ ಲೈಟ್ ಹತ್ತುವಷ್ಟು ಸಾಕು. ಸದ್ದು ಬದಲಾಗುತ್ತದೆಯೇ? ಸ್ಟಿಯರಿಂಗ್ ಎಡಕ್ಕೆ, ಬಲಕ್ಕೆ ತಿರುಗಿಸಿದಾಗ ಬದಲಾಗುತ್ತದೆಯೇ? ಹಿಂದಕ್ಕೆ ಹೋಗುವಾಗಲೂ ಬರುತ್ತದೆಯೇ? ಜೊತೆಗೆ ತಾಳ ಎಣಿಸಿ. ಸಾಮಾನ್ಯ ಕಾರಿನ ಟೈರು ಒಂದು ಸುತ್ತಿಗೆ 1.9 ಮೀಟರ್ ಆಸುಪಾಸು ಕ್ರಮಿಸುತ್ತದೆ. 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರು ಸುತ್ತು ಎಂದಿಟ್ಟುಕೊಳ್ಳಿ. ಹತ್ತು ಸೆಕೆಂಡಿಗೆ ಸುಮಾರು 30 ಸಲ ಬಂದರೆ ಸುತ್ತಿಗೊಂದು ಸಲ. ಹೆಚ್ಚು ಬಂದರೆ ಬೇರೆ ಕಥೆ.

ಬ್ರೇಕಿನ ಸದ್ದನ್ನು ಕಿವಿಗಿಂತ ಕಾಲಿನಿಂದ ಹುಡುಕುವುದು ಸುಲಭ.

ಕಪ್ಪು ಹೊಗೆ:
ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೆ? ಪ್ಯಾಡ್ ಯಾವುದು ಅಂತ ಮೊದಲು ಕೇಳಿ. ಲೋಹದ ಅಂಶ ಜಾಸ್ತಿ ಇರುವ ಪ್ಯಾಡ್ ಆದರೆ ಸದ್ದು ಮಾಡಿಯೇ ಮಾಡ್ತದೆ, ತಣ್ಣಗಿದ್ದಾಗಂತೂ ಇನ್ನೂ ಜೋರು. ತೆಗೆದು ಬೇರೆ ಹಾಕಿ, ಹಿಂದುಗಡೆ ಸದ್ದು ತಡೆಯುವ ಪೇಸ್ಟ್ ಬಳಿಯಿರಿ. ಮುಗೀತು.

ಸ್ಟೆಪ್ನಿ:
ಪಾನಾ ಸರ್, ನೋಡಿದೆ. ಪೆಡಲ್ ಕಲ್ಲಿನ ಹಾಗಿದೆ. ಬ್ರಾಕೆಟ್, ಪಿನ್ ಬೋಲ್ಟುಗಳನ್ನು ಅವತ್ತೇ ಬಿಗಿತ ಅಳೆಯೋ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿದಿದ್ದೆ, ಇವತ್ತು ಮತ್ತೆ ಇಟ್ಟು ನೋಡಿದೆ, ಅಲ್ಲಾಡಿಲ್ಲ. ಚಕ್ರದ ನಟ್ಟುಗಳನ್ನು ಮಾತ್ರ ವೀಲ್ ಸ್ಪ್ಯಾನರ್ ಮೇಲೆ ನಿಂತು ಬಿಗಿದಿದ್ದೆ, ಲೆಕ್ಕ ಇಲ್ಲ.

ಎಣಿಸಿದೆ. ಪಕ್ಕದ ಸೀಟಿನಲ್ಲಿ ತಮ್ಮನನ್ನು ಕೂರಿಸಿಕೊಂಡು ಹತ್ತು ಸೆಕೆಂಡಿಗೆ 28, 29, 29. ಅಂದರೆ ಸುತ್ತಿಗೊಂದು. ಪೆಡಲ್ ಮೇಲೆ ಕಾಲಿಟ್ಟರೆ ‘ಶ್ರ್... ಶ್ರ್...’ ಹೋಗಿ ‘ಶ್‌ಶ್‌ಶ್’ ಅಂತ ಒಂದೇ ಸಮನೆ ಬರುತ್ತೆ. ಜೋರಾಗಿ ಒತ್ತಿದರೆ ಏನೂ ಇಲ್ಲ. ಸ್ಟಿಯರಿಂಗ್ ತಿರುಗಿಸಿದರೆ ಬದಲಾಗಲ್ಲ. ಹಿಂದಕ್ಕೂ ಅದೇ ತಾಳ.

ಗ್ರೀಸ್ ಕೈ:
ತಮ್ಮಾ, ಹಳೇ ಡಿಸ್ಕ್ ಹೆಂಗ ತಗದಿ? ಸುತ್ತಿಗಿಲೆ ಹೊಡದಿರೇನು? ಹೊಡದಿದ್ರ ಡಿಸ್ಕಿನ ಹಿಂದಿನ ತಗಡು ನೋಡ್ರಿ ಮೊದಲ. ಕಾಗದದಂಗ ಇರ್ತೈತಿ ಅದು, ಮೊಣಕೈ ತಾಗಿದ್ರೂ ಬಗ್ತೈತಿ. ಬಗ್ಗಿ ಡಿಸ್ಕಿಗೆ ಒಂದು ಕಡೆ ತಾಗಿತಂದ್ರ ಸಾಕು, ಊರೆಲ್ಲ ಕೇಳೂ ಹಂಗ ಒದರತೈತಿ. ನಾನು ಕಲಿಯೂ ಮುಂದ ಇದನ್ನ ಹತ್ತು ಸಲ ಮಾಡೀನಿ, ಸುಳ್ಳು ಹೇಳಂಗಿಲ್ಲ. ಚಕ್ರ ತಗದು, ಟಾರ್ಚ್ ಹಿಡಿದು, ತಗಡಿಗೂ ಡಿಸ್ಕಿಗೂ ನಡುವ ದಪ್ಪನ ರಟ್ಟು ಸುತ್ತಲೂ ಆಡಸ್ರಿ. ಎಲ್ಲಿ ಸಿಕ್ಕೊಳ್ತೈತಿ ಅಲ್ಲಿ ಕೈಲೇ ಹಿಂದಕ್ಕ ಬಗ್ಗಸ್ರಿ. ಒಂದೊಂದ್ಸಲ ನಡುವ ಸಣ್ಣ ಕಲ್ಲು ಸಿಕ್ಕಿರ್ತೈತಿ, ಅದನ್ನೂ ನೋಡ್ರಿ.

ಹಳೇ ಪಾನಾ:
ಗ್ರೀಸ್ ಕೈ ಹೇಳಿದ್ದು ಐದು ನಿಮಿಷದ ಕೆಲಸ, ಖಂಡಿತ ನೋಡಿ. ಆದರೆ ತಗಡಿಗೆ ಪೆಡಲಿನ ಪರಿವೆ ಇರುವುದಿಲ್ಲ. ಕಾಲಿಟ್ಟರೂ ಬಿಟ್ಟರೂ ಅದು ಒಂದೇ ರಾಗ. ನಿಮ್ಮದು ಕಾಲಿಟ್ಟ ಕೂಡಲೇ ಬದಲಾಗುತ್ತಿದೆ. ಪ್ಯಾಡ್ ಒಂದು ಸುತ್ತಿನಲ್ಲಿ ಒಂದು ಕಡೆ ಮಾತ್ರ ಡಿಸ್ಕನ್ನು ಸವರುತ್ತಿದೆ, ಕಾಲಿಟ್ಟಾಗ ಪೂರ್ತಿ ಸುತ್ತು ಸವರುತ್ತದೆ. ನನ್ನ ಅನುಮಾನ ಡಿಸ್ಕ್ ಓಲಾಡುತ್ತಿದೆ ಅನ್ನುವ ಕಡೆಗಿದೆ.

ಕಪ್ಪು ಹೊಗೆಯವರಿಗೆ ಒಂದು ಮಾತು. ಪೇಸ್ಟು, ಪ್ಯಾಡಿನ ಬೆನ್ನಿನ ತೆಳು ತಗಡು ಅಂದರೆ ಶಿಮ್ಮು, ಇವು ‘ಕೀಂ...’ ಅನ್ನುವ ಸದ್ದಿಗೆ ಔಷಧಿ. ಆ ಕೀರಲು ಅಂದರೆ ಪ್ಯಾಡೂ ಡಿಸ್ಕೂ ಸೇರಿ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವುದು. ಶಿಮ್ಮು ಆ ಕಂಪನವನ್ನು ಹೀರಿಕೊಳ್ಳುತ್ತದೆ. ಸುತ್ತಿಗೊಂದು ಸಲ ಬರುವ ಸವರುವಿಕೆಗೆ ಪೇಸ್ಟ್ ಹಚ್ಚಿದರೆ ಕಾಲುನೋವಿಗೆ ಕಿವಿಗೆ ಎಣ್ಣೆ ಬಿಟ್ಟಂತೆ.

ಕಪ್ಪು ಹೊಗೆ:
ಆಯ್ತು ಪಾನಾದವ್ರೆ, ನೀವು ಗೆದ್ರಿ. ಆದರೂ ನನ್ನ ಗಾಡಿಗೆ ಪೇಸ್ಟ್ ಹಚ್ಚಿದ ಮೇಲೆಯೇ ಸದ್ದು ನಿಂತದ್ದು ಅಂತ ಹೇಳಿಯೇ ಹೇಳ್ತೇನೆ.

ಮೂರನೇ ಗೇರ್:
ಅವರ ಗಾಡೀದು ‘ಕೀಂ’ ಇತ್ತೇನೋ.

ನ್ಯೂಟ್ರಲ್:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಇದೇ ಥರ. ಹಿಂದಿನ ಪ್ಯಾಡ್ ಬದಲಾಯಿಸಿ ತಿಂಗಳಾಯ್ತು. 50 ದಾಟಿದ ಮೇಲೆ ‘ಗೂಂ...’ ಅಂತ ಬರುತ್ತೆ, ವೇಗ ಹೆಚ್ಚಿದಷ್ಟೂ ಜೋರು. ಬ್ರೇಕ್ ಒತ್ತಿದರೂ ಹೋಗಲ್ಲ. ನಾನೂ ಡಿಸ್ಕ್ ಬದಲಾಯಿಸಬೇಕಾ?

ಹಳೇ ಪಾನಾ:
ನ್ಯೂಟ್ರಲ್, ನಿಮ್ಮದು ಇದೇ ಥರ ಅಲ್ಲವೇ ಅಲ್ಲ. ವೇಗದ ಜೊತೆ ಏರುವ, ಪೆಡಲ್‌ಗೆ ಜಗ್ಗದ ‘ಗೂಂ’ ಬಹುಪಾಲು ಚಕ್ರದ ಬೇರಿಂಗು, ಇಲ್ಲವೇ ಏರುಪೇರಾಗಿ ಸವೆದ ಟೈರು. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ಓಡಿಸಿ. ಭಾರ ಬಿದ್ದ ಕಡೆಯ ಬೇರಿಂಗು ಕೆಟ್ಟಿದ್ದರೆ ಸದ್ದು ಏರುತ್ತದೆ. ಆಮೇಲೆ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸುತ್ತಾ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಬೆರಳಿಡಿ. ಕೆಟ್ಟ ಬೇರಿಂಗಿನ ಗರಗರ ಅಲ್ಲಿಗೆ ತಲುಪುತ್ತದೆ. ಬ್ರೇಕ್ ಕೆಲಸದ ನಂತರ ಬಂದ ಸದ್ದೆಲ್ಲ ಬ್ರೇಕಿನದಲ್ಲ. ಕೆಲಸ ಮಾಡಿದ ಮೇಲೆ ನಮ್ಮ ಕಿವಿ ಚುರುಕಾಗುತ್ತದೆ, ಅಷ್ಟೆ.

ಹಿಂದಿನ ಪ್ಯಾಡ್ ಅಂದಿರಲ್ಲ, ನಿಮ್ಮದು ಬಟನ್ ಒತ್ತುವ ಹ್ಯಾಂಡ್‌ಬ್ರೇಕ್ ಆದರೆ ಪ್ಯಾಡ್ ಬದಲಾಯಿಸುವ ಮೊದಲು ಸರ್ವಿಸ್ ಮೋಡ್‌ಗೆ ಹಾಕಿದ್ದಿರೋ ಇಲ್ಲವೋ? ಹಾಕದೆ, ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದ್ದರೆ ಒಳಗಿನ ಮೋಟರ್ ಹಾಳಾಗಿರಬಹುದು. ಅದನ್ನೂ ತೋರಿಸಿ. ಬೇರೆ ಎಳೆ ಶುರು ಮಾಡಿದರೆ ಅಲ್ಲಿ ಬರೆಯುತ್ತೇನೆ.

ಸ್ಟೆಪ್ನಿ:
ಶನಿವಾರದ ವರದಿ. ಚಕ್ರ ತೆಗೆದೆ. (ಜಾಕ್ ಜೊತೆ ಸ್ಟ್ಯಾಂಡೂ ಕೊಟ್ಟಿದ್ದೀನಿ, ಬೈಯಬೇಡಿ.) ಗ್ರೀಸ್ ಕೈ ಅಣ್ಣಾ, ಹೌದು, ಸುತ್ತಿಗೆಯಿಂದ ಹೊಡೆದಿದ್ದೆ, ಡಿಸ್ಕ್ ತನ್ನ ಹಿಂದಿರೋ, ಚಕ್ರದ ಬೋಲ್ಟುಗಳಿರೋ ಹಬ್‌ಗೆ ಅಂಟಿಕೊಂಡು ಬಿಟ್ಟಿತ್ತು. ತಗಡು ಕೆಳಗಡೆ ಬಗ್ಗಿತ್ತು. ಹಿಂದಕ್ಕೆ ಎಳೆದೆ. ಓಡಿಸಿ ನೋಡಿದರೆ ಲೋಹ ಕೆರೆದ ಹಾಗಿದ್ದ ‘ಚಿರ್’ ಅನ್ನೋದು ಹೋಯ್ತು, ಆದರೆ ಮೆತ್ತಗಿನ ‘ಶ್ರ್... ಶ್ರ್’ ಹಾಗೇ ಇದೆ. ಅಂದರೆ ಇಷ್ಟು ದಿನ ಎರಡು ಸದ್ದನ್ನು ಒಂದು ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ. ‘ಟಕ್’ ಎಲ್ಲಿಂದ ಅಂತ ಗೊತ್ತಾಯ್ತು. ಪ್ಯಾಡಿನ ಕಿವಿ ಕೂರುವ ಜಾಗದ ಸ್ಟೀಲ್ ಕ್ಲಿಪ್‌ಗಳನ್ನು ಹಳೇವೇ ಹಾಕಿದ್ದೆ. ಒಂದರ ನಾಲಿಗೆ ಮುರಿದಿದೆ, ಪ್ಯಾಡನ್ನು ಬೆರಳಲ್ಲಿ ಅಲ್ಲಾಡಿಸಿದರೆ ಮೇಲೆ ಕೆಳಗೆ ಆಡುತ್ತೆ. ಹೊಸ ಕ್ಲಿಪ್ ಪ್ಯಾಡಿನ ಡಬ್ಬಿಯ ತಳದಲ್ಲೇ ಒಂದು ಪುಟ್ಟ ಪೊಟ್ಟಣದಲ್ಲಿತ್ತು. ನಾನು ಅದನ್ನ ಜಾಹೀರಾತಿನ ಚೀಟಿ ಅಂದುಕೊಂಡು ಡಬ್ಬಿ ಸಮೇತ ಮೂಲೆಗೆ ಎಸೆದಿದ್ದೆ.

ಗ್ರೀಸ್ ಕೈ:
ಹ್ಹಹ್ಹ, ಪೊಟ್ಟಣ ಎಸಿಯೂದು ಎಲ್ಲಾರೂ ಮಾಡ್ಯಾರ ಬಿಡ್ರಿ. ಹೊಸ ಕ್ಲಿಪ್ ಹಾಕೂ ಮೊದಲ ಬ್ರಾಕೆಟ್ ಮ್ಯಾಲಿನ ತುಕ್ಕು ಅರದಿಂದ ತಿಕ್ಕಿ ತಗೀರಿ. ತುಕ್ಕಿನ ಮ್ಯಾಲೆ ಕ್ಲಿಪ್ ಕುಂತ್ರ ಜಾಗ ಇಕ್ಕಟ್ಟಾಗಿ ಪ್ಯಾಡ್ ಹಿಡಕೊಂಡ ಬಿಡ್ತೈತಿ. ಪ್ಯಾಡ್ ಬೆರಳಿಲೆ ನೂಕಿದ್ರ ಸರಕ್ ಅಂತ ಸರೀಬೇಕು, ಆದ್ರ ಲೊಡಲೊಡ ಅನಬಾರದು. ಸುತ್ತಿಗಿ ಬೇಕಾತಂದ್ರ ಏನೋ ತಪ್ಪೈತಿ ಅಂತ ತಿಳೀರಿ.

ಹಂಗ ಸವೆತ ತೋರಿಸೂ ನಾಲಿಗಿ ಇರೋ ಪ್ಯಾಡ್ ಯಾವ ಕಡೆ ಹಾಕೀರಿ? ಪ್ಯಾಡ್ ತೀರಾ ತೆಳ್ಳಗಾದಾಗ ಡಿಸ್ಕಿಗೆ ತಾಗಿ ಚೀರೂ ನಾಲಿಗಿ ಅದು. ಒಳಗಿನದು ಹೊರಗ, ಎಡದ್ದು ಬಲಕ್ಕ ಹಾಕಿದ್ರ ಹೊಸದಿದ್ದಾಗನ ತಾಗಬಹುದು.

ಸ್ಟೆಪ್ನಿ:
ಪುಸ್ತಕದ ಚಿತ್ರಕ್ಕೆ ಹೋಲಿಸಿದೆ ಅಣ್ಣಾ, ಒಳಗಿನ ಪ್ಯಾಡ್‌ನಲ್ಲೇ ಇದೆ, ಸರಿಯಾದ ತುದಿಯಲ್ಲೇ ಇದೆ. ಪಿನ್‌ಗಳೂ ಸಲೀಸಾಗಿ ಓಡ್ತಿವೆ, ಬೇರಿಂಗ್‌ಗೆ ಹಚ್ಚೋ ಗ್ರೀಸ್ ಧಾರಾಳವಾಗಿ ಹಾಕಿದ್ದೀನಿ.

ಹಳೇ ಪಾನಾ:
ಆ ಗ್ರೀಸು ಬೇಡ. ಪೂರ್ತಿ ಒರೆಸಿ ತೆಗೆಯಿರಿ. ಪೆಟ್ರೋಲಿಯಂ ಮೂಲದ ಗ್ರೀಸಿಗೆ ಪಿನ್ನಿನ ರಬ್ಬರ್ ತೊಗಲು ಊದಿಕೊಳ್ಳುತ್ತದೆ. ಇವತ್ತು ಸಲೀಸಾಗಿ ಓಡುವ ಪಿನ್ನು ಕೆಲವು ತಿಂಗಳಲ್ಲಿ ಕಚ್ಚಿಕೊಂಡು, ಒಂದು ಪ್ಯಾಡು ಮಾತ್ರ ಸವೆಯತೊಡಗುತ್ತದೆ. ಬ್ರೇಕಿಗೆಂದೇ ಸಿಗುವ, ಬಿಸಿ ತಡೆಯುವ ಸಿಲಿಕಾನ್ ಗ್ರೀಸು ತೆಳುವಾಗಿ ಹಚ್ಚಿ. ತುಂಬಾ ಹಾಕಿದರೆ ತೂತಿನಲ್ಲಿ ಗಾಳಿ ಸಿಕ್ಕಿಕೊಂಡು ಪಿನ್ನು ಹೊರಗೆ ತಳ್ಳಿಸಿಕೊಳ್ಳುತ್ತದೆ. ಮೇಲಿನ ಪಿನ್ನು, ಕೆಳಗಿನ ಪಿನ್ನು ಒಂದೇ ಥರವೋ ಎಂದೂ ನೋಡಿ. ಹಲವು ಗಾಡಿಗಳಲ್ಲಿ ಒಂದರ ತುದಿಗೆ ರಬ್ಬರ್ ಬುಷ್ ಇರುತ್ತದೆ, ಅದಲು ಬದಲಾದರೆ ಅದೂ ಒಂದು ತಲೆನೋವು.

ಓದುವವರಲ್ಲಿ ಹೊಸಬರು ಇದ್ದರೆ: ಗ್ರೀಸು ಪ್ಯಾಡಿನ ಕಿವಿಗೆ, ಬೆನ್ನಿಗೆ, ಅದೂ ಸವರಿದಷ್ಟು. ಉಜ್ಜುವ ಮುಖಕ್ಕೆ ಬೆರಳ ಗುರುತು ಕೂಡ ತಾಗಬಾರದು. ‘ಸದ್ದು ಬಂದರೆ ಡಿಸ್ಕಿಗೆ ಒಂದು ತೊಟ್ಟು ಎಣ್ಣೆ’ ಅಂತ ಹೇಳುವವರು ಇನ್ನೂ ಇದ್ದಾರೆ. ಅವರು ಓಡಿಸುವ ಗಾಡಿಯ ಮುಂದೆ ನಿಲ್ಲಬೇಡಿ.

ಈಗ ಓಲಾಟಕ್ಕೆ ಬರೋಣ. ಡಯಲ್ ಗೇಜ್ (ಕೂದಲೆಳೆಯಷ್ಟು ಕದಲಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಸಿಗುತ್ತದೆಯೇ?

ಸ್ಟೆಪ್ನಿ:
ಲೇತ್ ಕೆಲಸ ಮಾಡೋ ಸ್ನೇಹಿತನ ಹತ್ರ ಇದೆ, ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ. ತಂದೆ, ಅಳೆದೆ. 0.31 ಮಿ.ಮೀ. ಬಂತು! ಡಿಸ್ಕ್ ಹೊಸದೇ ಸೊಟ್ಟ ಅಂತ ಗೊತ್ತಾಯ್ತು. ನಾಳೆ ವಾಪಸ್ ಕೊಡ್ತೀನಿ.

ಹಳೇ ಪಾನಾ:
ಅಳೆಯುವಾಗ ಡಿಸ್ಕನ್ನು ಹಬ್‌ಗೆ ಏನು ಹಿಡಿದಿತ್ತು?

ಸ್ಟೆಪ್ನಿ:
ಆ ಸಣ್ಣ ಸ್ಕ್ರೂ ಒಂದು. ಚಕ್ರ ಇಲ್ಲವಲ್ಲ.

ಹಳೇ ಪಾನಾ:
ಹಾಗಾದರೆ ನೀವು ಅಳೆದದ್ದು ಡಿಸ್ಕನ್ನಲ್ಲ, ಸ್ಕ್ರೂವಿನ ಔದಾರ್ಯವನ್ನು. ಆ ಸ್ಕ್ರೂ ಡಿಸ್ಕ್ ಬೀಳದ ಹಾಗೆ ಇರುವುದು, ಬಿಗಿಯುವುದಕ್ಕಲ್ಲ. ಓಡುವಾಗ ಡಿಸ್ಕನ್ನು ಹಬ್‌ಗೆ ಅದುಮುವುದು ಚಕ್ರ ಮತ್ತು ನಟ್ಟುಗಳು. ಪ್ರತಿ ಬೋಲ್ಟಿಗೂ ದಪ್ಪ ವಾಷರ್ ಹಾಕಿ, ಚಕ್ರದ ನಟ್ಟುಗಳನ್ನೇ ಎದುರುಬದುರು ಕ್ರಮದಲ್ಲಿ, ಸಮನಾಗಿ ಬಿಗಿಯಿರಿ. ಡಯಲ್ ಗೇಜಿನ ಮೊನೆ ಡಿಸ್ಕಿನ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಕೂರಲಿ. ಅದಕ್ಕೂ ಮೊದಲು ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಬೇರಿಂಗಿನಲ್ಲಿ ಆಟ ಇದ್ದರೆ ಅಳತೆಗೆ ಅರ್ಥವೇ ಇಲ್ಲ.

ಪುಸ್ತಕದಲ್ಲಿ ನಿಮ್ಮ ಗಾಡಿಯ ಮಿತಿ ಕೊಟ್ಟಿರುತ್ತಾರೆ. ಬಹಳಷ್ಟು ಕಾರುಗಳಿಗೆ 0.05ರಿಂದ 0.10 ಮಿ.ಮೀ. ನಡುವೆ ಇರುತ್ತದೆ.

ಸ್ಟೆಪ್ನಿ:
ಬೈಗುಳ ಒಪ್ಪಿದೆ. ವಾಷರ್ ಹಾಕಿ ಬಿಗಿದು ಅಳೆದೆ: 0.17. ಮತ್ತೆ ಬಿಚ್ಚಿ ಬಿಗಿದು ಅಳೆದರೂ 0.17. ಬಲಗಡೆ ಅದೇ ಥರ ಅಳೆದರೆ 0.04. ಪುಸ್ತಕದಲ್ಲಿರೋ ಮಿತಿ 0.05. ಎರಡೂ ಒಂದೇ ಡಬ್ಬಿಯಿಂದ ಬಂದ ಡಿಸ್ಕ್. ಈಗಲಾದರೂ ವಾಪಸ್ ಕೊಡಲಾ?

ಹಳೇ ಪಾನಾ:
ಇನ್ನೂ ಹದಿನೈದು ನಿಮಿಷ ತಾಳಿ. ಮುಳ್ಳು ಅತಿ ಹೆಚ್ಚು ತೋರಿಸುವ ಜಾಗದಲ್ಲಿ ಡಿಸ್ಕಿನ ಅಂಚಿಗೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಅದಕ್ಕೆ ನೇರ ಬರುವ ಬೋಲ್ಟಿಗೂ ಒಂದು ಗುರುತು ಹಾಕಿ. ಸಣ್ಣ ಸ್ಕ್ರೂ ತೆಗೆದಿಟ್ಟು, ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ಕೂರಿಸಿ, ಮತ್ತೆ ಬಿಗಿದು ಅಳೆಯಿರಿ. ಎತ್ತರದ ಜಾಗ ಸೀಮೆಸುಣ್ಣದ ಜೊತೆ ಸರಿದರೆ ತಪ್ಪು ಡಿಸ್ಕಿನದು. ಬೋಲ್ಟಿನ ಹತ್ತಿರವೇ ಉಳಿದರೆ ತಪ್ಪು ಹಬ್ಬಿನದು, ಅಥವಾ ಹಬ್ಬಿನ ಮೇಲೆ ಕೂತಿರುವ ಯಾವುದೋ ಒಂದರದು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡಿದ್ದೆ ಅಂತ ಮೊದಲೇ ಬರೆದಿದ್ದೀರಿ, ನಾನು ಅದನ್ನು ಮರೆತಿಲ್ಲ.

ಮೂರನೇ ಗೇರ್:
ಇದು ಪತ್ತೇದಾರಿ ಕಥೆ ಆಯ್ತು. ಬೆಳಿಗ್ಗೆಯಿಂದ ಮೂರು ಸಲ ಬಂದು ನೋಡಿದೆ, ಬೇಗ ಬರೀರಿ ಗುರು.

ಸ್ಟೆಪ್ನಿ:
ಬೋಲ್ಟಿನ ಹತ್ತಿರವೇ ಉಳೀತು!

ಡಿಸ್ಕ್ ಕೆಳಗಿಳಿಸಿ ಹಬ್ಬಿನ ಮುಖ ನೋಡಿದೆ. ಎರಡು ಬೋಲ್ಟುಗಳ ನಡುವೆ, ಅಂಚಿಗೆ, ಕಿರುಬೆರಳ ಉಗುರಿನಷ್ಟು ದೊಡ್ಡ ತುಕ್ಕಿನ ಹಕ್ಕಳೆ. ಸಂಜೆ ಹೊತ್ತಲ್ಲಿ ಬಟ್ಟೆಯಲ್ಲಿ ಒರೆಸಿ ‘ಚೊಕ್ಕ ಆಯ್ತು’ ಅಂದುಕೊಂಡಿದ್ದೆ. ಬೆರಳಾಡಿಸಿದರೆ ಗೊತ್ತೇ ಆಗಲ್ಲ, ಅಷ್ಟು ತೆಳು. ಬ್ಲೇಡಿನಿಂದ ಎಬ್ಬಿಸಿ, ಪುಡಿಯಾಗದೆ ಉಳಿದ ತುಂಡನ್ನು ಅಳೆದರೆ 0.09 ಮಿ.ಮೀ. ಒಂದು ಕಾಗದದ ಹಾಳೆ ಇದ್ದ ಹಾಗೆ. ಇಷ್ಟಕ್ಕೆ 0.17 ಹೇಗೆ ಬರುತ್ತೆ ಅನ್ನೋದೇ ನನಗೆ ಅರ್ಥವಾಗ್ತಿಲ್ಲ.

ಹಳೇ ಪಾನಾ:
ಗಡಿಯಾರದ ಮುಳ್ಳಿನ ಲೆಕ್ಕವೇ. ಬುಡದಲ್ಲಿ ಒಂದಿಷ್ಟು ಕದಲಿದರೆ ತುದಿಯಲ್ಲಿ ಅದರ ಎರಡರಷ್ಟು. ಹಬ್ಬಿನ ಮುಖ 140 ಮಿ.ಮೀ. ಅಗಲ ಎಂದಿಟ್ಟುಕೊಳ್ಳಿ. ಅದರ ಒಂದು ಅಂಚಿನಲ್ಲಿ 0.09ರ ಹಕ್ಕಳೆ ಕೂತರೆ ಡಿಸ್ಕ್ ಎದುರಿನ ಅಂಚನ್ನು ಆಧಾರ ಮಾಡಿಕೊಂಡು ವಾಲುತ್ತದೆ. ನೀವು ಅಳೆದ ಜಾಗದಲ್ಲಿ ಡಿಸ್ಕಿನ ಅಡ್ಡಗಲ 260 ಇದ್ದರೆ, 0.09ನ್ನು 260ರಿಂದ ಗುಣಿಸಿ 140ರಿಂದ ಭಾಗಿಸಿ. 0.167 ಬರುತ್ತದೆ. ನಿಮ್ಮ ಗೇಜು ಸುಳ್ಳು ಹೇಳಿಲ್ಲ.

ಈಗ ಹಬ್ಬಿನ ಮುಖವನ್ನು ವೈರ್ ಬ್ರಷ್‌ನಿಂದ, ಬೋಲ್ಟುಗಳ ಬುಡವನ್ನು ಎಮರಿ ಕಾಗದದಿಂದ, ಹೊಳೆಯುವವರೆಗೆ ತಿಕ್ಕಿ. ನಡುವೆ ಎದ್ದು ನಿಂತಿರುವ ಉಂಗುರದ ಸುತ್ತ ತುಕ್ಕು ಹೆಚ್ಚು ಅಡಗಿರುತ್ತದೆ. ಆದರೆ ಅರ ಹಾಕಬೇಡಿ, ಹಬ್ಬಿನ ಲೋಹವೇ ಹೋದೀತು. ಡಿಸ್ಕಿನ ಟೋಪಿಯ (ಹಬ್ಬಿನ ಮೇಲೆ ಕೂರುವ ನಡುಭಾಗದ) ಒಳಮುಖವನ್ನೂ ಒರೆಸಿ, ಎದ್ದ ಹಕ್ಕಳೆ ಅಲ್ಲಿಗೂ ಅಂಟಿರುತ್ತದೆ. ದೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪನ್ನೂ ಹಿಡಿಯಬೇಡಿ. ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ತೆಗೆಯಿರಿ, ಬ್ರೇಕಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಗ್ರೀಸ್ ಕೈ:
ತಿಕ್ಕಿದ ಮ್ಯಾಲೆ ಬರೀ ಹಬ್ಬಿಗೂ ಗೇಜ್ ಇಟ್ಟು ನೋಡ್ರಿ. ಸುತ್ತಿಗಿ ಪೆಟ್ಟಿಗೆ ಹಬ್ಬು ಬಗ್ಗಿರೂದು ಅಪರೂಪ, ಆದ್ರ ನೋಡಿದ್ರ ರಾತ್ರಿ ನಿದ್ದಿ ಚಲೋ ಬರ್ತೈತಿ. ಮುಂದಿನ ಸಲ ಅಂಟಿದ ಡಿಸ್ಕಿಗೆ ಸುತ್ತಿಗಿ ಬ್ಯಾಡ್ರಿ. ಡಿಸ್ಕಿನ ಟೋಪಿ ಮ್ಯಾಲೆ ಥ್ರೆಡ್ ಇರೋ ಎರಡು ತೂತು ಇದ್ರ ಅದರಾಗ ಬೋಲ್ಟ್ ತಿರುವಿದ್ರ ತಾನ ಹೊರಗ ಬರ್ತೈತಿ. ಬೇರಿಂಗಿಗೆ ಪೆಟ್ಟಿಲ್ಲ, ತಗಡಿಗೂ ಪೆಟ್ಟಿಲ್ಲ.

ಸ್ಟೆಪ್ನಿ:
ಭಾನುವಾರ ರಾತ್ರಿ. ಬರೀ ಹಬ್ಬು 0.02. ಡಿಸ್ಕ್ ಹಾಕಿ ಬಿಗಿದ ಮೇಲೆ 0.04, ಬಲಗಡೆಯಷ್ಟೇ. ಹೊಸ ಕ್ಲಿಪ್ ನಾಲ್ಕೂ ಹಾಕಿದೆ, ಬ್ರಾಕೆಟ್ ತುಕ್ಕು ಅರದಲ್ಲಿ ತೆಗೆದೆ, ಪಿನ್‌ಗೆ ಸಿಲಿಕಾನ್ ಗ್ರೀಸ್. ಬಲಗಡೆಯ ಕ್ಲಿಪ್, ಗ್ರೀಸೂ ಬದಲಾಯಿಸಿದೆ, ಅಲ್ಲಿಯೂ ಅದೇ ತಪ್ಪು ಮಾಡಿದ್ದೆನಲ್ಲ. ಚಕ್ರದ ನಟ್ಟು ಈ ಸಲ ಟಾರ್ಕ್ ವ್ರೆಂಚ್‌ನಲ್ಲಿ, ಪುಸ್ತಕ ಹೇಳಿದ 110 ನ್ಯೂಟನ್ ಮೀಟರ್. ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿದೆ.

ಗೋಡೆ ಪಕ್ಕ ಗಾಜು ಇಳಿಸಿ ಎರಡು ಸಲ ಹೋದೆ. ಟೈರಿನ ಸದ್ದು ಬಿಟ್ಟರೆ ಏನೂ ಇಲ್ಲ. ತಮ್ಮನಿಗೆ ನಿರಾಸೆ, ಎಣಿಸೋಕೆ ರೆಡಿಯಾಗಿ ಕೂತಿದ್ದ.

ಮೂರನೇ ಗೇರ್:
ಅಭಿನಂದನೆ ಗುರು! ಆದರೂ ಒಂದು ಅನುಮಾನ, ಪಾನಾ ಸರ್‌ಗೆ. ನನ್ನ ಮಾತು ಕೇಳಿ ಸುಮ್ಮನೆ 1000 ಕಿ.ಮೀ. ಓಡಿಸಿದ್ದರೆ ಆ ಸದ್ದು ತಾನೇ ಹೋಗ್ತಿರಲಿಲ್ವಾ? ಎತ್ತರದ ಜಾಗ ಸವೆದು ಸಮ ಆಗಬೇಕಲ್ಲ?

ಹಳೇ ಪಾನಾ:
ಹೋಗುತ್ತಿತ್ತು. ನನಗೆ ಭಯ ಇದ್ದದ್ದೇ ಅದರದ್ದು.

ಡಿಸ್ಕ್ ವಾಲಿಕೊಂಡು ತಿರುಗುವಾಗ ಬ್ರೇಕ್ ಒತ್ತದಿದ್ದರೂ ಒಂದು ಕಡೆ ಒಳಗಿನ ಪ್ಯಾಡು, ಅದರ ಎದುರು ಕಡೆ ಹೊರಗಿನ ಪ್ಯಾಡು ಸುತ್ತಿಗೊಂದು ಸಲ ಸವರುತ್ತವೆ. ಆ ಎರಡು ಜಾಗದಲ್ಲಿ ಡಿಸ್ಕ್ ಸಮ ಆಗುವುದಿಲ್ಲ, ತೆಳ್ಳಗಾಗುತ್ತದೆ. ಸದ್ದು ನಿಲ್ಲುತ್ತದೆ, ನೀವು ಮರೆಯುತ್ತೀರಿ. ಕೆಲವು ಸಾವಿರ ಕಿ.ಮೀ. ಆದ ಮೇಲೆ ಬ್ರೇಕ್ ಹಿಡಿದಾಗ ಪೆಡಲ್ ಕಾಲಿಗೆ ನಾಡಿಯಂತೆ ಬಡಿಯುತ್ತದೆ, ಸ್ಟಿಯರಿಂಗ್ ನಡುಗುತ್ತದೆ. ದಪ್ಪದಲ್ಲಿ 0.01, 0.02 ಮಿ.ಮೀ. ವ್ಯತ್ಯಾಸ ಬಂದರೂ ಸಾಕು, ಕಾಲಿಗೆ ಗೊತ್ತಾಗುತ್ತದೆ. ಆಗ ಎಲ್ಲರೂ ‘ಡಿಸ್ಕ್ ಬಿಸಿಗೆ ಬೆಂಡ್ ಆಯ್ತು’ ಅನ್ನುತ್ತಾರೆ. ಹೊಸ ಡಿಸ್ಕ್ ತಂದು ಅದೇ ತುಕ್ಕಿನ ಮೇಲೆ ಕೂರಿಸುತ್ತಾರೆ. ನಾನು ನೋಡಿದ ‘ಬೆಂಡ್’ ಡಿಸ್ಕುಗಳಲ್ಲಿ ಬಹುಪಾಲು ಹೀಗೆ ತೆಳ್ಳಗಾದವು, ಇಲ್ಲವೇ ಪ್ಯಾಡಿನ ಪದಾರ್ಥ ಒಂದು ಕಡೆ ಅಂಟಿಕೊಂಡವು.

ಅದಕ್ಕೇ ಸ್ಟೆಪ್ನಿಗೆ ಇನ್ನೊಂದು ಪ್ರಶ್ನೆ. ಮೊದಲ ದಿನ ಪ್ಯಾಡು ಪಳಗಿಸಿದ್ದು ಹೇಗೆ?

ಸ್ಟೆಪ್ನಿ:
ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ ಜೋರಾಗಿ ಒತ್ತಿ ನಿಲ್ಲಿಸೋದು, ಮತ್ತೆ ಹೊರಡೋದು. ಹತ್ತು ಸಲ.

ಹಳೇ ಪಾನಾ:
ಪೂರ್ತಿ ನಿಲ್ಲಿಸಿದ್ದೇ ತಪ್ಪು. ಡಿಸ್ಕ್ ಕಾದಿರುವಾಗ ಪೆಡಲ್ ಒತ್ತಿ ನಿಂತರೆ ಪ್ಯಾಡಿನ ಅಚ್ಚು ಆ ಒಂದೇ ಜಾಗಕ್ಕೆ ಬೀಳುತ್ತದೆ. 60ರಿಂದ 15ಕ್ಕೆ ಇಳಿಸಿ, ಬಿಡಿ, ಸ್ವಲ್ಪ ದೂರ ಓಡಿಸಿ ಆರಲು ಬಿಡಿ, ಮತ್ತೆ ಮಾಡಿ. ಎಂಟು ಹತ್ತು ಸಲ ಸಾಕು. ಕೊನೆಗೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ. ಪ್ಯಾಡ್ ತಯಾರಕರು ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದೇ ಸರಿ. ನೀವು ಮೂಲೆಗೆ ಎಸೆದ ಡಬ್ಬಿಯಲ್ಲೇ ಅದೂ ಇರಬೇಕು, ನೋಡಿ.

ನಿಮ್ಮ ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ ಕಪ್ಪು ಕಲೆ ಇದೆಯೇ?

ಸ್ಟೆಪ್ನಿ:
ಇಲ್ಲ ಸರ್, ಎರಡೂ ಕಡೆ ಒಂದೇ ಸಮನಾದ ಬೂದು ಬಣ್ಣ. ಡಬ್ಬಿಯಲ್ಲಿ ಚೀಟಿ ಸಿಕ್ತು, 8 ಸಲ ಅಂತ ಬರೆದಿದೆ. ನಾಳೆ ಬೆಳಿಗ್ಗೆ ಮಾಡ್ತೀನಿ.

ನ್ಯೂಟ್ರಲ್:
ಪಾನಾ ಸರ್ ಹೇಳಿದ ಹಾಗೆ ವಾಲಿಸಿ ನೋಡಿದೆ. ಬಲಕ್ಕೆ ತಿರುಗಿಸಿದಾಗ ಜೋರಾಗುತ್ತೆ. ಬಲಗಡೆ ಬೇರಿಂಗಾ?

ಗ್ರೀಸ್ ಕೈ:
ಅಲ್ರಿ, ಎಡಗಡಿದು. ಬಲಕ್ಕ ತಿರುಗಿದ್ರ ಭಾರ ಎಡಕ್ಕ ಬೀಳ್ತೈತಿ. ಆದ್ರ ಮೊದಲ ಎತ್ತಿ, ತಿರುಗಿಸಿ, ಸ್ಪ್ರಿಂಗಿಗೆ ಬೆರಳು ಇಟ್ಟು ಖಾತ್ರಿ ಮಾಡ್ಕೋರಿ. ಆಮ್ಯಾಲೆ ಬಿಚ್ಚ್ರಿ.

ಸ್ಟೆಪ್ನಿ:
ಇನ್ನೊಂದೇ ಒಂದು ಉಳಿದಿದೆ. ಹಿಂದಕ್ಕೆ ತೆಗೆದು ಮೊದಲ ಸಲ ಮುಂದಕ್ಕೆ ಬ್ರೇಕ್ ಒತ್ತಿದಾಗ ತುಂಬಾ ಮೆತ್ತಗೆ ಒಂದು ‘ಟಿಕ್’. ಎರಡನೇ ಸಲ ಇಲ್ಲ. ರೇಡಿಯೋ ಹಾಕಿದ್ದರೆ ಕೇಳೋದೂ ಇಲ್ಲ.

ಹಳೇ ಪಾನಾ:
ದಿಕ್ಕು ಬದಲಾದಾಗ ಪ್ಯಾಡು ಬ್ರಾಕೆಟ್‌ನ ಈ ಗೋಡೆಯಿಂದ ಆ ಗೋಡೆಗೆ ಒಂದು ಕೂದಲಷ್ಟು ಸರಿಯುತ್ತದೆ. ಅದು ಅದರ ಸದ್ದು. ಅದಕ್ಕೆ ಆ ಜಾಗ ಬೇಕೇ ಬೇಕು. ಪ್ರತಿ ಸಲ ಒತ್ತಿದಾಗಲೂ ಬರತೊಡಗಿದರೆ ಅಥವಾ ಜೋರಾದರೆ ಮತ್ತೆ ಬನ್ನಿ. 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟುಗಳಿಗೆ ವ್ರೆಂಚ್ ಇಟ್ಟು ನೋಡುವುದನ್ನು ಮರೆಯಬೇಡಿ.

ಕಪ್ಪು ಹೊಗೆ:
ಆ ಟಿಕ್‌ಗೆ ಪೇಸ್ಟ್ ಹಚ್ಚಬಹುದಲ್ಲ?

ಸ್ಟೆಪ್ನಿ:
ರೇಡಿಯೋ ಹಾಕ್ಕೊಂಡೆ ಸರ್.